ಹಾಲಿರೂಡ್ ಅರಮನೆಯ ರಾಜರ ಸಾಲು: ಒಂದೇ ಮೂಗಿನ ಎರಡು ಸಾವಿರ ವರ್ಷಗಳು

ಎಡಿನ್‌ಬರೊದ ಹಾಲಿರೂಡ್ ಅರಮನೆಯ ಗ್ರೇಟ್ ಗ್ಯಾಲರಿಯನ್ನು ಒಳ್ಳೆಯ ಚಿತ್ರಗಳ ಸಂಗ್ರಹವೆಂದು ಭಾವಿಸಿ ಒಳಹೊಕ್ಕವರಿಗೆ ನಿರಾಸೆ ಖಂಡಿತ. ರಾಜವಂಶವೊಂದು ತನ್ನ ಹಕ್ಕನ್ನು ಸಾಧಿಸಲು ಗೋಡೆಯ ಮೇಲೆ ಬರೆಸಿಟ್ಟ ವಂಶಾವಳಿಯೆಂದು ನೋಡುವವರಿಗಾದರೋ ಇಡೀ ಅರಮನೆಯಲ್ಲಿ ಇದಕ್ಕಿಂತ ಸ್ವಾರಸ್ಯದ ಕೋಣೆ ಇನ್ನೊಂದಿಲ್ಲ. ಸುಮಾರು 150 ಅಡಿ ಉದ್ದದ ಈ ಹಜಾರದಲ್ಲಿ ಸ್ಕಾಟ್ಲೆಂಡಿನ ರಾಜರ 96 ಭಾವಚಿತ್ರಗಳು ಈಗ ಉಳಿದಿವೆ. ಮೊದಲನೆಯವನು ಕ್ರಿಸ್ತಪೂರ್ವ 330ರಲ್ಲಿ ಆಳಿದನೆಂದು ಹೇಳಲಾಗುವ ಫರ್ಗಸ್. ಕೊನೆಯವನು, ಈ ಚಿತ್ರಗಳ ಕೆಲಸ ಆರಂಭವಾದಾಗ ಸಿಂಹಾಸನದಲ್ಲಿದ್ದ ಎರಡನೆಯ ಚಾರ್ಲ್ಸ್. ಎರಡು ಸಾವಿರ ವರ್ಷಗಳ ಈ ಸಾಲಿನಲ್ಲಿ ಕಾಲ್ಪನಿಕರು, ಅರೆ ಕಾಲ್ಪನಿಕರು, ನಿಜವಾಗಿ ಬಾಳಿದವರು ಎಲ್ಲರೂ ಒಂದೇ ಬಗೆಯ ಬಣ್ಣದಲ್ಲಿ, ಒಂದೇ ಬಗೆಯ ಗಾಂಭೀರ್ಯದಲ್ಲಿ, ಮತ್ತು ಇದೇ ಮುಖ್ಯವಾದದ್ದು, ಬಹುಮಟ್ಟಿಗೆ ಒಂದೇ ಮೂಗಿನಲ್ಲಿ ನಿಂತಿದ್ದಾರೆ. ಆ ಮೂಗು ಎರಡನೆಯ ಚಾರ್ಲ್ಸನದು.

ಈ ವಿಮರ್ಶೆ ಆ ಹಜಾರವನ್ನು ಕುರಿತದ್ದು. ಆದರೆ ಮಧ್ಯಯುಗದ ಸ್ಕಾಟಿಷ್ ರಾಜರ ಮುಖಗಳನ್ನು ಹುಡುಕಿಕೊಂಡು ಎಡಿನ್‌ಬರೊಗೆ ಹೋಗುವವರು ಹಾಲಿರೂಡ್ ಒಂದನ್ನೇ ನೋಡಿ ಮರಳಿದರೆ ಅರ್ಧ ಮಾತನ್ನಷ್ಟೇ ಕೇಳಿದಂತಾಗುವುದರಿಂದ, ಅದೇ ನಗರದ ಇನ್ನೆರಡು ಸಂಗ್ರಹಾಲಯಗಳ ಮಾತೂ ನಡುವೆ ಬರುತ್ತದೆ.

ಹಜಾರದ ಹುಟ್ಟಿನಿಂದ ಆರಂಭಿಸಬೇಕು. ಈಗಿನ ಅರಮನೆಯ ಬಹುಭಾಗವನ್ನು 1670ರ ದಶಕದಲ್ಲಿ ವಾಸ್ತುಶಿಲ್ಪಿ ಸರ್ ವಿಲಿಯಂ ಬ್ರೂಸ್ ಹೊಸದಾಗಿ ಕಟ್ಟಿಸಿದರು. ಕಟ್ಟಡ ಸಿದ್ಧವಾದ ಮೇಲೆ, 1684ರ ಫೆಬ್ರವರಿ 26ರಂದು, ಹಾಲೆಂಡಿನ ಚಿತ್ರಕಾರ ಯಾಕೋಬ್ ಡೆ ವೆಟ್‌ನೊಂದಿಗೆ ಒಂದು ಒಪ್ಪಂದವಾಯಿತು. ಮೊದಲ ಫರ್ಗಸ್‌ನಿಂದ ಎರಡನೆಯ ಚಾರ್ಲ್ಸ್‌ನವರೆಗೆ 110 ರಾಜರ ಚಿತ್ರಗಳನ್ನು ಎರಡು ವರ್ಷಗಳಲ್ಲಿ ಬರೆದು ಮುಗಿಸಬೇಕು. ವರ್ಷಕ್ಕೆ 120 ಪೌಂಡ್ ಸಂಭಾವನೆ. ಕ್ಯಾನ್ವಾಸ್ ಮತ್ತು ಬಣ್ಣದ ಖರ್ಚು ಚಿತ್ರಕಾರನದೇ. ಲೆಕ್ಕ ಹಾಕಿದರೆ ವಾರಕ್ಕೆ ಒಬ್ಬ ರಾಜನಿಗಿಂತ ತುಸು ಹೆಚ್ಚು, ಒಬ್ಬೊಬ್ಬನಿಗೆ ಎರಡು ಪೌಂಡ್‌ಗಿಂತ ಸ್ವಲ್ಪವೇ ಮೇಲೆ. ಈ ವೇಗದಲ್ಲಿ, ಈ ದರದಲ್ಲಿ ಕೆಲಸ ಮಾಡಿದವನಿಂದ ಪ್ರತಿಯೊಂದು ಮುಖಕ್ಕೂ ಒಂದು ಅಂತರಂಗವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಡೆ ವೆಟ್ ಕೈಲಾಗದ ಚಿತ್ರಕಾರನೇನೂ ಆಗಿರಲಿಲ್ಲ. ಇದೇ ಅರಮನೆಯ ರಾಜಶಯ್ಯಾಗೃಹದಲ್ಲಿ ಅವನು ಮಾಡಿದ ಅಲಂಕಾರ ಚಿತ್ರಗಳಲ್ಲಿ ಇನ್ನಷ್ಟು ಬಿಡುವು, ಇನ್ನಷ್ಟು ಉಲ್ಲಾಸ ಕಾಣುತ್ತದೆ. ಹಜಾರದಲ್ಲಿ ಅವನು ಮಾಡಿದ್ದು ಗುತ್ತಿಗೆ ಕೆಲಸ, ಮತ್ತು ಅದು ಗುತ್ತಿಗೆ ಕೆಲಸದಂತೆಯೇ ಕಾಣುತ್ತದೆ.

ಕೆಲವು ಚಿತ್ರಗಳು ಪೂರ್ಣಾಕೃತಿಯವು. ಬಹುಪಾಲು ಎದೆಯ ಮಟ್ಟದವು. ಗೋಡೆಯ ಮರದ ಹಲಗೆಗಳ ನಡುವೆ ಅವನ್ನು ಸಾಲಾಗಿ ಕೂರಿಸಿರುವುದರಿಂದ ಮೇಲಿನವನ್ನು ಕತ್ತೆತ್ತಿ ನೋಡಬೇಕಾಗುತ್ತದೆ. ರೋಮನ್ ಸೇನಾನಿಯ ಕವಚ, ಬಿಳಿ ತುಪ್ಪಳದ ಅಂಚಿನ ರಾಜನಿಲುವಂಗಿ, ಯಾವ ಕಾಲಕ್ಕೂ ಸೇರದ ಕಿರೀಟಗಳು, ಪೊದೆಯಂತಹ ಗಡ್ಡಗಳು ಒಂದಾದ ಮೇಲೊಂದು ಬರುತ್ತವೆ. ಒಬ್ಬ ರಾಜನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಗಡ್ಡದ ಅಳತೆ, ಕಣ್ಣಿನ ದಿಕ್ಕು, ಉಡುಪಿನ ಬಣ್ಣ ಇಷ್ಟೇ. ಹತ್ತೊಂಬತ್ತನೆಯ ಶತಮಾನದಿಂದಲೂ ಈ ಮೂಗುಗಳನ್ನು ಗೇಲಿ ಮಾಡುವುದು ಇಲ್ಲಿಗೆ ಬರುವವರ ಸಂಪ್ರದಾಯವೇ ಆಗಿದೆ. ಗೇಲಿ ಸುಲಭ, ಆದರೆ ಆ ಮೂಗು ಅಲ್ಲೇಕೆ ಬಂತೆಂಬುದು ಗೇಲಿಗಿಂತ ಹೆಚ್ಚು ಕುತೂಹಲದ ಸಂಗತಿ.

1680ರ ಆಸುಪಾಸಿನಲ್ಲಿ ಸ್ಟುವರ್ಟ್ ವಂಶದ ಮುಂದಿದ್ದ ಪ್ರಶ್ನೆ ಉತ್ತರಾಧಿಕಾರದ್ದು. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ರಾಜನಾಗಿದ್ದ ಚಾರ್ಲ್ಸ್‌ಗೆ ಔರಸ ಸಂತಾನವಿರಲಿಲ್ಲ. ತಮ್ಮ ಜೇಮ್ಸ್ ಕ್ಯಾಥೊಲಿಕ್ ಆಗಿದ್ದುದರಿಂದ ಅವನಿಗೆ ಪಟ್ಟ ತಪ್ಪಿಸಬೇಕೆಂದು ಇಂಗ್ಲೆಂಡಿನ ಸಂಸತ್ತಿನಲ್ಲಿ ಪ್ರಬಲ ಗುಂಪೊಂದು ಹೋರಾಡುತ್ತಿತ್ತು. ಆ ಗದ್ದಲದ ದಿನಗಳಲ್ಲಿ, 1679ರಿಂದ 1682ರವರೆಗೆ, ಜೇಮ್ಸ್ ಹೆಚ್ಚಾಗಿ ಹಾಲಿರೂಡ್‌ನಲ್ಲೇ ನೆಲೆಸಿದ್ದ. ರಕ್ತಸಂಬಂಧದಿಂದ ಬಂದ ಪಟ್ಟದ ಹಕ್ಕನ್ನು ಧರ್ಮದ ಕಾರಣಕ್ಕೆ ಬದಲಿಸುವಂತಿಲ್ಲವೆಂದು ಸ್ಕಾಟ್ಲೆಂಡಿನ ಸಂಸತ್ತು 1681ರಲ್ಲಿ ಕಾನೂನನ್ನೇ ಮಾಡಿತು. ಇದಾದ ಮೂರೇ ವರ್ಷಕ್ಕೆ, ಮುರಿಯದ ಒಂದೇ ರಕ್ತದ 110 ರಾಜರನ್ನು ಗೋಡೆಯ ಮೇಲೇರಿಸುವ ಒಪ್ಪಂದ ನಡೆದದ್ದು ಕಾಕತಾಳೀಯವಲ್ಲ. ಫರ್ಗಸ್‌ನ ಮುಖದಲ್ಲಿ ಚಾರ್ಲ್ಸ್‌ನ ಮೂಗು ಇದ್ದರೆ, ಚಾರ್ಲ್ಸ್‌ನ ಮುಖದಲ್ಲಿ ಇರುವುದು ಫರ್ಗಸ್‌ನ ಮೂಗೆಂದು ನೋಡುವವನು ತಾನಾಗಿಯೇ ಅರ್ಥ ಮಾಡಿಕೊಳ್ಳಬೇಕೆಂಬುದು ಇದರ ತರ್ಕ. ಚಂದ್ರನಿಂದಲೋ ಯದುವಿನಿಂದಲೋ ಆರಂಭವಾಗಿ ದಾನ ಕೊಟ್ಟ ರಾಜನಲ್ಲಿ ಬಂದು ನಿಲ್ಲುವ ಶಾಸನಗಳ ವಂಶಾವಳಿಯನ್ನು ಓದಿ ಬಲ್ಲ ಕನ್ನಡ ಓದುಗರಿಗೆ ಈ ತರ್ಕ ಹೊಸದೆನಿಸಲಾರದು.

ಈ ಪಟ್ಟಿ ಡೆ ವೆಟ್‌ನ ಕಲ್ಪನೆಯೂ ಅಲ್ಲ, ಅವನ ಯಜಮಾನರ ಕಲ್ಪನೆಯೂ ಅಲ್ಲ. ಅಬರ್ಡೀನ್‌ನ ವಿದ್ವಾಂಸ ಹೆಕ್ಟರ್ ಬೋಯಸ್ 1527ರಲ್ಲಿ ಪ್ರಕಟಿಸಿದ ಲ್ಯಾಟಿನ್ ಇತಿಹಾಸದಲ್ಲಿ ಈ ಆದಿರಾಜರ ಚರಿತ್ರೆ ಹೆಸರು, ಗುಣ, ಮರಣಗಳೊಂದಿಗೆ ವಿಸ್ತಾರವಾಗಿ ಬಂದಿದೆ. ಜಾರ್ಜ್ ಬ್ಯುಕಾನನ್ 1582ರಲ್ಲಿ ಅದನ್ನೇ ಮುಂದುವರಿಸಿದ. ಪಟ್ಟಿಯನ್ನು ಚಿತ್ರವಾಗಿಸುವ ಯೋಚನೆಯೂ ಹಳೆಯದೇ. ಮೊದಲನೆಯ ಚಾರ್ಲ್ಸ್ 1633ರಲ್ಲಿ ಸ್ಕಾಟ್ಲೆಂಡಿನ ಕಿರೀಟ ಧರಿಸಲು ಎಡಿನ್‌ಬರೊಗೆ ಬಂದಾಗ, ನಗರದವರು ಜಾರ್ಜ್ ಜೇಮ್ಸನ್ ಎಂಬ ಸ್ಕಾಟಿಷ್ ಚಿತ್ರಕಾರನಿಂದ ನೂರಕ್ಕೂ ಹೆಚ್ಚು ಪೂರ್ವಜರ ಚಿತ್ರಗಳನ್ನು ಬರೆಸಿ ಮೆರವಣಿಗೆಯ ದಾರಿಯಲ್ಲಿ ನಿಲ್ಲಿಸಿದ್ದರು. ಅವುಗಳಲ್ಲಿ ಕೆಲವಷ್ಟೇ ಇಂದಿಗೂ ಉಳಿದಿವೆ. ಉತ್ಸವಕ್ಕಾಗಿ ಜೇಮ್ಸನ್ ಮಾಡಿದ್ದನ್ನು ಐವತ್ತು ವರ್ಷಗಳ ಬಳಿಕ ಡೆ ವೆಟ್ ಅರಮನೆಗೆ ಶಾಶ್ವತವಾಗಿ ಮಾಡಿಕೊಟ್ಟನೆನ್ನಬಹುದು.

ಚಿತ್ರಗಳು ತಯಾರಾಗುತ್ತಿದ್ದ ದಿನಗಳಲ್ಲೇ ಈ ಪಟ್ಟಿಯ ಮೇಲೆ ಸಂಶಯ ಎದ್ದಿತ್ತು ಎಂಬುದು ಹಜಾರದಲ್ಲಿ ನಿಂತಾಗ ನೆನಪಿರಬೇಕಾದ ಇನ್ನೊಂದು ವಿಷಯ. ಆದಿಯ ನಲವತ್ತಕ್ಕೂ ಹೆಚ್ಚು ರಾಜರಿಗೆ ಆಧಾರವೇ ಇಲ್ಲವೆಂದು ವಿಲಿಯಂ ಲಾಯ್ಡ್ ಎಂಬ ಬಿಷಪ್ 1684ರಲ್ಲಿ ವಾದಿಸಿದ. ಅದಕ್ಕೆ 1685ರಲ್ಲಿ ಉತ್ತರ ಬರೆದವನು ಬೇರೆ ಯಾವ ಇತಿಹಾಸಕಾರನೂ ಅಲ್ಲ. ಸ್ಕಾಟ್ಲೆಂಡಿನ ಸರ್ಕಾರಿ ಪ್ರಧಾನ ವಕೀಲ ಸರ್ ಜಾರ್ಜ್ ಮೆಕೆಂಜಿ. ರಾಜವಂಶದ ವಯಸ್ಸನ್ನು ಕಡಿಮೆ ಮಾಡುವುದು ಪಾಂಡಿತ್ಯದ ವಿಷಯವಲ್ಲ, ರಾಜದ್ರೋಹಕ್ಕೆ ಹತ್ತಿರದ ವಿಷಯ ಎಂಬುದು ಅವನ ನಿಲುವು. ಕೊನೆಗೆ 1729ರಲ್ಲಿ ಥಾಮಸ್ ಇನ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಮೂಲ ದಾಖಲೆಗಳನ್ನು ಒರೆಗೆ ಹಚ್ಚಿ ಆ ರಾಜರನ್ನು ಇತಿಹಾಸದಿಂದ ಹೊರಗಿಟ್ಟ. ಇನ್ಸ್ ಸ್ವತಃ ಸ್ಟುವರ್ಟ್ ವಂಶದ ನಿಷ್ಠಾವಂತ ಬೆಂಬಲಿಗನಾಗಿದ್ದ ಎಂಬುದರಿಂದ ಅವನ ಪ್ರಾಮಾಣಿಕತೆಗೆ ಇನ್ನಷ್ಟು ತೂಕ ಬರುತ್ತದೆ. ಅಷ್ಟರಲ್ಲಾಗಲೇ ಚಿತ್ರಗಳ ಉದ್ದೇಶ ಮುರಿದುಬಿದ್ದಿತ್ತು. ಡೆ ವೆಟ್ ಕೆಲಸ ಮುಗಿಸಿದ ಎರಡೇ ವರ್ಷಕ್ಕೆ, 1688ರಲ್ಲಿ, ಅಣ್ಣನ ನಂತರ ಪಟ್ಟವೇರಿದ್ದ ಜೇಮ್ಸ್ ಸಿಂಹಾಸನ ಕಳೆದುಕೊಂಡು ಫ್ರಾನ್ಸಿಗೆ ಓಡಿಹೋದ. ನೂರಹತ್ತು ಪೂರ್ವಜರ ಸಾಕ್ಷಿ ಅವನನ್ನು ಉಳಿಸಲಿಲ್ಲ.

ಸಾಲಿನ ನಡುವೆ ಮ್ಯಾಕ್‌ಬೆತ್‌ನ ಚಿತ್ರವೂ ಇದೆ. ಷೇಕ್ಸ್‌ಪಿಯರ್‌ನ ನಾಟಕದಿಂದಷ್ಟೇ ಅವನನ್ನು ಬಲ್ಲವರಿಗೆ, ರಾಜಹಂತಕನೊಬ್ಬ ಈ ಮರ್ಯಾದೆಯ ಸಾಲಿನಲ್ಲಿ ಹೇಗೆ ಬಂದನೆಂದು ಆಶ್ಚರ್ಯವಾಗಬಹುದು. ಇತಿಹಾಸದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಹದಿನೇಳು ವರ್ಷ ಆಳಿದವನು. ನಾಟಕದಲ್ಲಿ ಅವನ ಕೈಯಲ್ಲಿ ಕೊಲೆಯಾಗುವ ರಾಜ ಡಂಕನ್ ನಿಜವಾಗಿ ಸತ್ತದ್ದು ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. 1050ರಲ್ಲಿ ರೋಮ್‌ಗೆ ಯಾತ್ರೆ ಹೋಗಿಬರುವಷ್ಟು ನೆಮ್ಮದಿ ಮ್ಯಾಕ್‌ಬೆತ್‌ನ ಆಳ್ವಿಕೆಗೆ ಇತ್ತು. ಹಾಲಿರೂಡ್‌ನ ಪಟ್ಟಿಗೆ ಒಳ್ಳೆಯವನು ಕೆಟ್ಟವನು ಎಂಬುದು ಮುಖ್ಯವಾಗಿರಲಿಲ್ಲ. ಸಂಖ್ಯೆ ಮುಖ್ಯವಾಗಿತ್ತು, ಎಲ್ಲೂ ಕೊಂಡಿ ಕಳಚದಿರುವುದು ಮುಖ್ಯವಾಗಿತ್ತು. ಇನ್ನೊಂದು ಮಾತು: ನಾಟಕದಲ್ಲಿ ಮಾಟಗಾತಿಯರು ಮ್ಯಾಕ್‌ಬೆತ್‌ಗೆ ಎಂಟು ರಾಜರ ಮೆರವಣಿಗೆಯನ್ನು ತೋರಿಸುತ್ತಾರೆ; ಒಬ್ಬೊಬ್ಬನೂ ತಾನು ಕೊಲ್ಲಿಸಿದ ಬ್ಯಾಂಕೊನನ್ನೇ ಹೋಲುವುದನ್ನು ಕಂಡು ಅವನು ಕುದಿಯುತ್ತಾನೆ. ಸ್ಟುವರ್ಟರ ಮೂಲಪುರುಷನೆಂದು ಹೇಳಲಾದ ಈ ಬ್ಯಾಂಕೊ ಕೂಡ ಬೋಯಸ್‌ನ ಇತಿಹಾಸದಿಂದಲೇ ಬಂದವನು. ಒಂದೇ ಮುಖದ ರಾಜರ ಸಾಲು ರಂಗದ ಮೇಲೆ ಶಾಪದಂತೆ ಕಂಡಿತು. ಎಂಟು ದಶಕಗಳ ಬಳಿಕ ಅದೇ ಸಾಲು ಅರಮನೆಯ ಗೋಡೆಯ ಮೇಲೆ ಹಕ್ಕುಪತ್ರವಾಯಿತು.

ಹಜಾರದ ಮುಂದಿನ ಚರಿತ್ರೆಯೂ ಚಿತ್ರಗಳಿಗೆ ಹೊಂದಿಕೊಂಡಿದೆ. ಪದಚ್ಯುತ ಜೇಮ್ಸ್‌ನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ 1745ರ ಶರತ್ಕಾಲದಲ್ಲಿ ಕೆಲವು ವಾರ ಹಾಲಿರೂಡ್‌ನಲ್ಲಿ ಆಸ್ಥಾನ ನಡೆಸಿದ. ಮರುವರ್ಷ ಜನವರಿ 17ರಂದು ಫಾಲ್‌ಕರ್ಕ್‌ನಲ್ಲಿ ಅವನ ಸೈನ್ಯದ ಕೈಯಲ್ಲಿ ಸೋತು ಎಡಿನ್‌ಬರೊಗೆ ಹಿಮ್ಮೆಟ್ಟಿದ ಸರ್ಕಾರಿ ಸೈನಿಕರು ಅರಮನೆಯಲ್ಲಿ ಬಿಡಾರ ಹೂಡಿ, ತಮ್ಮ ಸಿಟ್ಟನ್ನು ಗೋಡೆಯ ಮೇಲಿನ ರಾಜರ ಮೇಲೆ ತೀರಿಸಿಕೊಂಡರು. ಕತ್ತಿಗಳಿಂದ ಚಿತ್ರಗಳನ್ನು ಸೀಳಿದರು. ಅನಂತರ ಅವನ್ನು ಸರಿಪಡಿಸಿ ಗೋಡೆಯ ಹಲಗೆಗಳಿಗೆ ಸೇರಿಸಲಾಯಿತು. ಈ ಘಟನೆಯನ್ನು ತಿಳಿದ ಮೇಲೆ ಚಿತ್ರಗಳನ್ನು ಕುರಿತ ನನ್ನ ತೀರ್ಮಾನ ಸ್ವಲ್ಪ ಬದಲಾಯಿತೆಂದು ಹೇಳಲೇಬೇಕು. ಕಲೆಯಾಗಿ ಇವು ಎಷ್ಟೇ ಸಪ್ಪೆಯಾಗಿರಲಿ, ಶತ್ರುಸೈನಿಕರು ಕತ್ತಿ ಹಿರಿದು ಉತ್ತರಿಸುವಷ್ಟು ಸ್ಪಷ್ಟವಾಗಿ ಇವು ತಮ್ಮ ಮಾತನ್ನು ಹೇಳಿದ್ದವು. ಇಂಗ್ಲೆಂಡಿನೊಂದಿಗೆ ಒಕ್ಕೂಟವಾದ ನಂತರ ಸ್ಕಾಟ್ಲೆಂಡಿನ ಶ್ರೀಮಂತವರ್ಗ ಬ್ರಿಟನ್ನಿನ ಮೇಲ್ಮನೆಗೆ ತನ್ನ ಪ್ರತಿನಿಧಿಗಳನ್ನು ಆರಿಸುತ್ತಿದ್ದುದೂ ಹಾಲಿರೂಡ್‌ನಲ್ಲೇ; ಈಗ ರಾಜಮನೆತನದವರು ಪದವಿ ಪ್ರದಾನ ಮಾಡುವುದು ಇದೇ ಹಜಾರದಲ್ಲಿ.

ಸೇವೆಯ ಮಾತಿಗೆ ಬಂದರೆ, ಅರಮನೆಯ ಟಿಕೆಟ್‌ನ ಜೊತೆಗೆ ಕೈಗೆ ಕೊಡುವ ಧ್ವನಿ ಮಾರ್ಗದರ್ಶಿ ಸೇರಿದೆ. ನಿರೂಪಣೆ ಸ್ಪಷ್ಟವಾಗಿದೆ, ಎಲ್ಲಿ ಬೇಕಾದರೂ ನಿಲ್ಲಿಸಿ, ಬೇಕೆನಿಸಿದ್ದನ್ನು ಮತ್ತೆ ಕೇಳಬಹುದು. ಸಂದರ್ಶಕರ ದಾರಿಯನ್ನು ಮಾತ್ರ ನಾಟಕೀಯತೆಯ ಕಡೆಗೆ ಬಾಗಿಸಲಾಗಿದೆ. ಭೋಜನಶಾಲೆ, ಸಿಂಹಾಸನದ ಕೋಣೆ, ರಾಜನ ಖಾಸಗಿ ಕೋಣೆಗಳನ್ನು ದಾಟಿ ಗ್ರೇಟ್ ಗ್ಯಾಲರಿಗೆ ಬರುವ ಹೊತ್ತಿಗೆ, ಎಲ್ಲರ ಮನಸ್ಸು ಅದರಾಚೆಯ ಹಳೆಯ ಗೋಪುರದಲ್ಲಿರುತ್ತದೆ. ಅಲ್ಲಿ ರಾಣಿ ಮೇರಿಯ ಕೋಣೆಗಳಿವೆ. 1566ರ ಮಾರ್ಚ್ 9ರ ರಾತ್ರಿ ಅವಳ ಕಾರ್ಯದರ್ಶಿ ಡೇವಿಡ್ ರಿಟ್ಸಿಯೊನನ್ನು ಅವಳ ಕಣ್ಣೆದುರೇ ಎಳೆದುಕೊಂಡು ಹೋಗಿ ಕೊಂದದ್ದು ಅಲ್ಲಿಯೇ. ಕೊಲೆಯ ಕೋಣೆಯೊಂದು ಮುಂದೆ ಕಾದಿರುವಾಗ 96 ಗಡ್ಡಧಾರಿಗಳ ಎದುರು ಯಾರು ನಿಲ್ಲುತ್ತಾರೆ? ಜನ ಹಜಾರವನ್ನು ಓಣಿಯಂತೆ ದಾಟಿಹೋಗುತ್ತಾರೆ. ನಿಲ್ಲಬೇಕೆನ್ನುವವರಿಗೆ ನನ್ನ ಸಲಹೆ: ತಲೆಬಾಗಿಲ ಹತ್ತಿರದ ಗುಂಪು ಮುಂದೆ ಸರಿಯುವವರೆಗೆ ಕಾಯಿರಿ, ಫರ್ಗಸ್‌ನನ್ನು ಹುಡುಕಿ, ನಂತರ ಎರಡನೆಯ ಚಾರ್ಲ್ಸ್‌ನನ್ನು ಹುಡುಕಿ, ಆಮೇಲೆ ನಡುವಿನವರನ್ನು ನೋಡಿ. ಈ ಕ್ರಮದಲ್ಲಿ ನೋಡಿದರೆ ಹಜಾರದ ವಾದ ತಾನೇ ತೆರೆದುಕೊಳ್ಳುತ್ತದೆ.

ಹಾಗಾದರೆ ಮಧ್ಯಯುಗದ ಸ್ಕಾಟಿಷ್ ರಾಜರು ನಿಜವಾಗಿ ಹೇಗಿದ್ದರು? ಹಾಲಿರೂಡ್ ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಇರುವಷ್ಟು ಬೇರೆ ಕಡೆ ಇದೆ, ಅದೂ ತುಣುಕುತುಣುಕಾಗಿ. ಹದಿನೈದನೆಯ ಶತಮಾನದವರೆಗೆ ಸ್ಕಾಟಿಷ್ ರಾಜನೊಬ್ಬನ ಮುಖವನ್ನು ಎದುರಿಗೆ ಕೂರಿಸಿ ಬರೆದ ಚಿತ್ರ ಉಳಿದಿಲ್ಲ. ಇರುವುದು ಮುದ್ರೆಗಳು, ನಾಣ್ಯಗಳು, ಹಸ್ತಪ್ರತಿಯ ಅಕ್ಷರಗಳೊಳಗಿನ ಪುಟ್ಟ ಆಕೃತಿಗಳು. ಅವುಗಳ ಪೈಕಿ ಅತಿ ಸುಂದರವಾದದ್ದು 1159ರ ಒಂದು ದಾನಪತ್ರ. ಕೆಲ್ಸೊ ಮಠಕ್ಕೆ ನಾಲ್ಕನೆಯ ಮಾಲ್ಕಮ್ ಕೊಟ್ಟ ಈ ಪತ್ರದ ಮೊದಲ ಅಕ್ಷರ ಅವನ ಹೆಸರಿನ ‘ಎಂ’; ಅದರ ಎರಡು ಕಮಾನುಗಳೊಳಗೆ ಇಬ್ಬರು ಕುಳಿತಿದ್ದಾರೆ. ಒಂದು ಕಡೆ ಗಡ್ಡಧಾರಿ ಹಿರಿಯ, ಅಜ್ಜ ಮೊದಲನೆಯ ಡೇವಿಡ್. ಇನ್ನೊಂದು ಕಡೆ ಮೀಸೆ ಮೂಡದ ಹುಡುಗ, ಮೊಮ್ಮಗ ಮಾಲ್ಕಮ್. ಮುಖಸಾಮ್ಯ ಇಲ್ಲಿ ಬರೆದವನ ಗುರಿಯಲ್ಲ; ವಯಸ್ಸಿನ ವ್ಯತ್ಯಾಸ, ಅಧಿಕಾರದ ಮುಂದುವರಿಕೆ ಗುರಿ. ಆದರೂ ಒಂದು ಅಕ್ಷರದಷ್ಟು ಜಾಗದಲ್ಲಿ ಈ ಅನಾಮಧೇಯ ಲಿಪಿಕಾರ ವಂಶದ ಬಗ್ಗೆ ಹೇಳಿದ್ದು, 150 ಅಡಿಯಲ್ಲಿ ಡೆ ವೆಟ್ ಹೇಳಿದ್ದಕ್ಕಿಂತ ಹೆಚ್ಚು ನಂಬುವಂತಿದೆ. ಪತ್ರವನ್ನು ಎಡಿನ್‌ಬರೊದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ವಂಶಾವಳಿಯನ್ನು ಪಠಿಸುವುದು ಡೆ ವೆಟ್‌ನ ಕಾಲದ ಆವಿಷ್ಕಾರವಲ್ಲವೆಂಬುದಕ್ಕೂ ಒಂದು ಚಿತ್ರ ಸಾಕ್ಷಿಯಾಗಿದೆ. ಮೂರನೆಯ ಅಲೆಕ್ಸಾಂಡರ್‌ಗೆ 1249ರಲ್ಲಿ ಸ್ಕೋನ್‌ನಲ್ಲಿ ಪಟ್ಟವಾದಾಗ ಅವನಿಗೆ ಇನ್ನೂ ಎಂಟು ತುಂಬಿರಲಿಲ್ಲ. ಆ ದಿನ ಗೇಲಿಕ್ ಕವಿಯೊಬ್ಬ ಮುಂದೆ ಬಂದು ಬಾಲರಾಜನ ಪೂರ್ವಜರ ಹೆಸರುಗಳನ್ನು ಹಿಂದಹಿಂದಕ್ಕೆ, ಆದಿಪುರುಷನವರೆಗೂ ಪಠಿಸಿದನೆಂದು ವೃತ್ತಾಂತಕಾರರು ಬರೆದಿದ್ದಾರೆ. ಇಂಚ್‌ಕೋಮ್ ಮಠದ ಅಧ್ಯಕ್ಷ ವಾಲ್ಟರ್ ಬೋವರ್ ಹದಿನೈದನೆಯ ಶತಮಾನದಲ್ಲಿ ಸಿದ್ಧಪಡಿಸಿದ ಹಸ್ತಪ್ರತಿಯಲ್ಲಿ ಆ ದೃಶ್ಯದ ಚಿತ್ರವಿದೆ. ಈಗ ಅದು ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿದೆ. ಘಟನೆ ನಡೆದು ಇನ್ನೂರು ವರ್ಷಗಳ ನಂತರದ ಚಿತ್ರವಾದ್ದರಿಂದ ಅದರಲ್ಲಿ ಅಲೆಕ್ಸಾಂಡರ್‌ನ ಮುಖ ಹುಡುಕುವಂತಿಲ್ಲ. ಹಾಲಿರೂಡ್‌ನ ಹಜಾರ ಆ ಕವಿಯ ಪಠಣವನ್ನೇ ಬಣ್ಣದಲ್ಲಿ ಮುಂದುವರಿಸಿದೆ ಎಂಬುದು ಮಾತ್ರ ಅಲ್ಲಿ ಸ್ಪಷ್ಟವಾಗುತ್ತದೆ.

ಇದೇ ಅಲೆಕ್ಸಾಂಡರ್‌ನನ್ನು ಮತ್ತೊಮ್ಮೆ, ಬೃಹದಾಕಾರದಲ್ಲಿ ಕಾಣಬೇಕಾದರೆ ಎಡಿನ್‌ಬರೊದ ನ್ಯಾಷನಲ್ ಗ್ಯಾಲರಿಗೆ ಹೋಗಬೇಕು. ಬೆಂಜಮಿನ್ ವೆಸ್ಟ್ 1786ರಲ್ಲಿ ಬರೆದ ಆ ಕ್ಯಾನ್ವಾಸ್ ಸುಮಾರು ಹನ್ನೆರಡು ಅಡಿ ಎತ್ತರ, ಹದಿನೇಳು ಅಡಿ ಅಗಲ. ಬೇಟೆಯಲ್ಲಿ ನೆಲಕ್ಕುರುಳಿದ ರಾಜನ ಮೇಲೆ ಕೆರಳಿದ ಸಾರಂಗ ಎರಗುತ್ತಿದೆ. ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂಬ ವೀರ ಭರ್ಜಿ ಎತ್ತಿ ಅಡ್ಡ ಬಂದಿದ್ದಾನೆ. ಈ ಕಾಲಿನ್ ಮೆಕೆಂಜಿ ಕುಲದವರು ತಮ್ಮ ಮೂಲಪುರುಷನೆಂದು ನಂಬಿದ್ದ ದಂತಕಥೆಯ ವ್ಯಕ್ತಿ. ಚಿತ್ರವನ್ನು ಬರೆಸಿದವನೂ ಆ ಕುಲದ ಮುಖ್ಯಸ್ಥನೇ. ಅಂದರೆ ಇಲ್ಲಿಯೂ ರಾಜ ನೆಪ, ಬರೆಸಿದವನ ವಂಶ ವಿಷಯ. ಆದರೆ ವೆಸ್ಟ್ ದಂತಕಥೆಯನ್ನು ಒಂದು ಕ್ಷಣದ ರಭಸವಾಗಿಸಿದ. ಕುದುರೆ, ನಾಯಿ, ಕೊಂಬು, ಕೈಗಳ ಆ ಸುಳಿಯ ಎದುರು ನಿಂತವರಿಗೆ ಐತಿಹಾಸಿಕ ಸತ್ಯದ ನೆನಪು ಸ್ವಲ್ಪ ಹೊತ್ತು ಹಾರಿಹೋಗುತ್ತದೆ. ನಿಜವಾದ ಅಲೆಕ್ಸಾಂಡರ್ 1286ರ ಮಾರ್ಚ್ ತಿಂಗಳ ಬಿರುಗಾಳಿಯ ರಾತ್ರಿಯೊಂದರಲ್ಲಿ ಕಿಂಗ್‌ಹಾರ್ನ್ ಬಳಿ ಸತ್ತನು. ಕುದುರೆಯಿಂದ ಬಿದ್ದಿರಬೇಕೆಂದು ನಂಬಲಾಗಿದೆ. ಅಲ್ಲಿ ಅವನನ್ನು ಉಳಿಸಲು ಯಾವ ಕಾಲಿನ್‌ನೂ ಇರಲಿಲ್ಲ. ಅವನ ಸಾವಿನಿಂದ ಹುಟ್ಟಿದ ಉತ್ತರಾಧಿಕಾರದ ಬಿಕ್ಕಟ್ಟು ಮುಂದೆ ಇಂಗ್ಲೆಂಡಿನೊಂದಿಗಿನ ದೀರ್ಘ ಯುದ್ಧಕ್ಕೆ ಕಾರಣವಾಯಿತು.

ಅದೇ ಕಟ್ಟಡದಲ್ಲಿ, ಯಾವ ಪ್ರವೇಶಶುಲ್ಕವೂ ಇಲ್ಲದೆ, ಈ ಇಡೀ ವಿಷಯದ ಅತ್ಯುತ್ತಮ ಚಿತ್ರವಿದೆ: ಫ್ಲೆಮಿಷ್ ಚಿತ್ರಕಾರ ಹ್ಯೂಗೊ ವಾನ್ ಡೆರ್ ಗೂಸ್ 1478ರ ಸುಮಾರಿಗೆ ಬರೆದ ಟ್ರಿನಿಟಿ ಬಲಿಪೀಠದ ಫಲಕಗಳು. ಎಡಿನ್‌ಬರೊದ ಟ್ರಿನಿಟಿ ಕಾಲೇಜು ಚರ್ಚಿಗಾಗಿ ಅದರ ಮುಖ್ಯಸ್ಥ ಎಡ್ವರ್ಡ್ ಬಾಂಕಿಲ್ ಇವನ್ನು ಬರೆಸಿದ. ಆ ಚರ್ಚನ್ನು 1848ರಲ್ಲಿ ವೇವರ್ಲಿ ರೈಲು ನಿಲ್ದಾಣಕ್ಕಾಗಿ ಕೆಡವಲಾಯಿತು. ಒಂದು ಫಲಕದಲ್ಲಿ ಮೂರನೆಯ ಜೇಮ್ಸ್ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾನೆ, ಹಿಂದೆ ಸಂತ ಆಂಡ್ರ್ಯೂ ನಿಂತಿದ್ದಾನೆ. ಎದುರಿನ ಫಲಕದಲ್ಲಿ ರಾಣಿ, ಡೆನ್ಮಾರ್ಕಿನ ಮಾರ್ಗರೆಟ್. ರಾಜ ರಾಣಿಯರ ಮುಖಗಳನ್ನು ಹ್ಯೂಗೊ ಬರೆದಿರಲಿಕ್ಕಿಲ್ಲ, ಫಲಕಗಳು ಸ್ಕಾಟ್ಲೆಂಡಿಗೆ ಬಂದ ಮೇಲೆ ರಾಜನನ್ನು ಕಂಡಿದ್ದ ಬೇರೊಬ್ಬರು ತುಂಬಿರಬೇಕೆಂಬುದು ಪಂಡಿತರ ಊಹೆ. ಹತ್ತಿರ ನಿಂತು ನೋಡಿದರೆ ಊಹೆ ಒಪ್ಪುವಂತಿದೆ: ಬಾಂಕಿಲ್‌ನ ಮುಖದಲ್ಲಿರುವ ಚರ್ಮ, ಮೂಳೆ, ಆಯಾಸ ರಾಜನ ಮುಖದಲ್ಲಿಲ್ಲ. ಆದರೂ ಇದು ಒಬ್ಬ ನಿರ್ದಿಷ್ಟ ಮನುಷ್ಯನ ಮುಖ, ಅವನಿಗೇ ಸೇರಿದ ಮೂಗು. ಜೇಮ್ಸ್‌ನ ಆಳ್ವಿಕೆಯ ಕೊನೆಯ ವರ್ಷಗಳ ಬೆಳ್ಳಿ ನಾಣ್ಯದಲ್ಲಿ ಮುಖ ಅರೆ ತಿರುಗಿದ್ದು, ಮುದ್ರೆಯ ಅಚ್ಚಿನಂತಹ ರಾಜನನ್ನು ಬಿಟ್ಟು ವ್ಯಕ್ತಿಯೊಬ್ಬನನ್ನು ತೋರಿಸಲು ಹೊರಟ ಬ್ರಿಟನ್ನಿನ ಮೊದಲ ನಾಣ್ಯಗಳಲ್ಲಿ ಅದೂ ಒಂದು. ಅವನ ತಂದೆ ಎರಡನೆಯ ಜೇಮ್ಸ್‌ನ ಚಿತ್ರವನ್ನೂ ಮರೆಯುವಂತಿಲ್ಲ. 1458ರಲ್ಲಿ ಸ್ಕಾಟ್ಲೆಂಡಿಗೆ ಬಂದ ಜರ್ಮನ್ ವೀರ ಯೋರ್ಗ್ ಫಾನ್ ಎಹಿಂಗೆನ್‌ನ ಪ್ರವಾಸ ಹಸ್ತಪ್ರತಿಯಲ್ಲಿರುವ ಆ ಚಿತ್ರದಲ್ಲಿ ರಾಜನ ಅರ್ಧ ಮುಖವನ್ನು ಆವರಿಸಿದ ಕೆಂಪು ಹುಟ್ಟುಮಚ್ಚೆಯನ್ನು ಮುಚ್ಚಿಟ್ಟಿಲ್ಲ. ಪ್ರಜೆಗಳೂ ಅವನನ್ನು ‘ಬೆಂಕಿಮುಖದವನು’ ಎಂದೇ ಕರೆಯುತ್ತಿದ್ದರು. ವಂಶದ ಗೌರವ ಕಾಯುವ ಹೊಣೆಯಿಲ್ಲದ ಪರದೇಶಿಯ ಪುಸ್ತಕದಲ್ಲಿ ಅತಿ ನಿಷ್ಠುರ ಚಿತ್ರ ಉಳಿದಿರುವುದು ಗಮನಿಸತಕ್ಕದ್ದು.

ಕ್ವೀನ್ ಸ್ಟ್ರೀಟ್‌ನ ಭಾವಚಿತ್ರ ಸಂಗ್ರಹಾಲಯದ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. 1889ರಲ್ಲಿ ತೆರೆದ ಈ ಕೆಂಪು ಮರಳುಗಲ್ಲಿನ ಕಟ್ಟಡದ ನಡುಮನೆಯಲ್ಲಿ ವಿಲಿಯಂ ಹೋಲ್ ಬರೆದ ಚಿತ್ರಪಟ್ಟಿಕೆ ಸುತ್ತಲೂ ಹರಿದಿದೆ. ಶಿಲಾಯುಗದಿಂದ ಹತ್ತೊಂಬತ್ತನೆಯ ಶತಮಾನದ ಲೇಖಕ ಥಾಮಸ್ ಕಾರ್ಲೈಲ್‌ನವರೆಗೆ ನೂರೈವತ್ತಕ್ಕೂ ಹೆಚ್ಚು ಜನ ಹೊಂಬಣ್ಣದ ಹಿನ್ನೆಲೆಯಲ್ಲಿ ಮೆರವಣಿಗೆ ಹೊರಟಿದ್ದಾರೆ; ಅವರಲ್ಲಿ ರಾಬರ್ಟ್ ಬ್ರೂಸ್ ಮೊದಲಾದ ಮಧ್ಯಯುಗದ ರಾಜರೂ ಇದ್ದಾರೆ. ಮೇಲಂತಸ್ತಿನಲ್ಲಿ ಲಾರ್ಗ್ಸ್ ಮತ್ತು ಬ್ಯಾನಕ್‌ಬರ್ನ್ ಕದನಗಳ ಭಿತ್ತಿಚಿತ್ರಗಳಿವೆ. ಹಾಲಿರೂಡ್‌ನಲ್ಲಿ ರಾಜರು ಮಾತ್ರ ಸಾಲಾಗಿದ್ದರೆ, ಇಲ್ಲಿ ಕವಿ, ವಿಜ್ಞಾನಿ, ಪಾದ್ರಿ, ಸೇನಾನಿಗಳ ಮಧ್ಯೆ ರಾಜರೂ ಕೆಲವರು. ಹೋಲ್‌ನ ಬಣ್ಣ ನನಗೆ ತುಸು ಒಣಗಿದಂತೆ ಕಂಡರೂ, ಆಯುಧ ಉಡುಪುಗಳಲ್ಲಿ ಆಯಾ ಕಾಲಕ್ಕೆ ನಿಷ್ಠನಾಗಿರಲು ಅವನು ಪಟ್ಟ ಶ್ರಮ ಎದ್ದು ಕಾಣುತ್ತದೆ. ಇಲ್ಲಿಯೂ ಪ್ರವೇಶ ಉಚಿತ.

ಬ್ರೂಸ್‌ನ ವಿಷಯದಲ್ಲಿ ಕಲೆಗಿಂತ ಮೂಳೆ ಮುಂದೆ ಹೋಗಿದೆ. 1818ರಲ್ಲಿ ಡನ್‌ಫರ್ಮ್‌ಲಿನ್ ಮಠದಲ್ಲಿ ಅವನದೆಂದು ನಂಬಲಾದ ಸಮಾಧಿ ಸಿಕ್ಕಿತು; ಮತ್ತೆ ಹೂಳುವ ಮೊದಲು ತಲೆಬುರುಡೆಯ ಅಚ್ಚು ತೆಗೆಯಲಾಯಿತು. ಆ ಅಚ್ಚನ್ನು ಆಧರಿಸಿ ಗ್ಲಾಸ್ಗೊ ವಿಶ್ವವಿದ್ಯಾಲಯ ಮತ್ತು ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ತಜ್ಞರು 2016ರಲ್ಲಿ ಒಂದು ಮುಖವನ್ನು ಮರುರೂಪಿಸಿದರು: ದಪ್ಪ ಕತ್ತು, ಅಗಲ ದವಡೆ, ಕುಸ್ತಿಪಟುವಿನ ಮೈಕಟ್ಟು. ಬುರುಡೆ ಅವನದೇ ಎಂಬ ಊಹೆಯ ಮೇಲೆ ನಿಂತ ಮುಖವಾದರೂ, ಹಾಲಿರೂಡ್‌ನ ಗೋಡೆಯ ಮೇಲಿರುವ ಯಾವ ರಾಜನಿಗೂ ಅದು ನೆಂಟನಂತೆ ಕಾಣುವುದಿಲ್ಲ.

ಹಾಲಿರೂಡ್‌ಗೆ ಮರಳೋಣ. ಹಜಾರ, ಗೋಪುರ ಮುಗಿಸಿದ ಮೇಲೆ ಸಂದರ್ಶಕರ ದಾರಿ ಮಠದ ಅವಶೇಷಕ್ಕೆ ಇಳಿಯುತ್ತದೆ. ಅದೇ ಟಿಕೆಟ್‌ನಲ್ಲಿ ಸೇರಿರುವ ಈ ಭಾಗವನ್ನು ಹಲವರು ಬೇಗ ಮುಗಿಸಿಬಿಡುತ್ತಾರೆ; ನನ್ನ ಮಟ್ಟಿಗೆ ಇದು ಹಜಾರಕ್ಕೆ ಅತ್ಯಗತ್ಯವಾದ ಪೂರಕ. ಕೆಲ್ಸೊ ದಾನಪತ್ರದ ಅಕ್ಷರದೊಳಗೆ ಕುಳಿತ ಅದೇ ಮೊದಲನೆಯ ಡೇವಿಡ್ 1128ರಲ್ಲಿ ಈ ಮಠವನ್ನು ಸ್ಥಾಪಿಸಿದ. ಎರಡನೆಯ ಜೇಮ್ಸ್ ಹುಟ್ಟಿದ್ದು ಇಲ್ಲಿ, 1437ರಲ್ಲಿ ಪಟ್ಟವೇರಿದ್ದು ಇಲ್ಲಿ, 1449ರಲ್ಲಿ ಮದುವೆಯಾದದ್ದು ಇಲ್ಲಿ. 1460ರಲ್ಲಿ ರಾಕ್ಸ್‌ಬರೊ ಮುತ್ತಿಗೆಯಲ್ಲಿ ತನ್ನದೇ ಫಿರಂಗಿ ಸಿಡಿದು ಸತ್ತ ಮೇಲೆ ಅವನನ್ನು ಹೂಳಿದ್ದೂ ಇಲ್ಲಿಯೇ. ಬ್ರೂಸ್‌ನ ಮಗ ಎರಡನೆಯ ಡೇವಿಡ್‌ನ ಸಮಾಧಿಯೂ ಈ ಮಠದಲ್ಲೇ ಆಯಿತು. 1768ರಲ್ಲಿ ಕುಸಿದ ಛಾವಣಿಯನ್ನು ಮತ್ತೆ ಕಟ್ಟಲಿಲ್ಲ. ಕೆಲವೇ ಹೆಜ್ಜೆಗಳ ಅಂತರದಲ್ಲಿ, ಒಂದು ಕಡೆ ಇರದಿದ್ದ ರಾಜರಿಗೆ ಮುಖಗಳು, ಇನ್ನೊಂದು ಕಡೆ ಇದ್ದ ರಾಜರಿಗೆ ಮುಖವಿಲ್ಲದ ನೆಲ.

ಹಣ ಕೊಟ್ಟು ನೋಡಲು ಯೋಗ್ಯವೇ ಎಂದು ಕೇಳಿದರೆ ಯೋಗ್ಯವೆಂದೇ ಹೇಳುತ್ತೇನೆ, ಆದರೆ ಒಂದು ಕ್ರಮದಲ್ಲಿ. ಮೊದಲು ನ್ಯಾಷನಲ್ ಗ್ಯಾಲರಿಯ ಟ್ರಿನಿಟಿ ಫಲಕಗಳನ್ನು ನೋಡಿ; ಆಮೇಲೆ ಹೋಲ್‌ನ ಚಿತ್ರಪಟ್ಟಿಕೆ; ಕೊನೆಗೆ, ನಿಜವಾದ ಮುಖವೊಂದು ಕಣ್ಣಲ್ಲಿರುವಾಗಲೇ, ಹಾಲಿರೂಡ್. ಚಿತ್ರಕಲೆಗಾಗಿ ಮಾತ್ರ ಬರುವವರಿಗೆ ಮೊದಲಿನ ಎರಡೇ ಸಾಕು. ಇತಿಹಾಸವನ್ನು ಹೇಗೆ ಕಟ್ಟುತ್ತಾರೆಂಬ ಕುತೂಹಲ ಇರುವವರು ಹಾಲಿರೂಡ್‌ಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಚಿಕ್ಕ ಮಕ್ಕಳಿಗೆ ಹಜಾರ ಬೇಸರ ತರಿಸಬಹುದು, ಒಂದೇ ಮೂಗನ್ನು ಹುಡುಕುವ ಆಟವಾಗಿಸದ ಹೊರತು. ಟಿಕೆಟ್ ದುಬಾರಿಯೇ. ಆದರೆ ಅರಮನೆಯ ಅಧಿಕೃತ ಮಾರಾಟದಿಂದಲೇ ನೇರವಾಗಿ ಕೊಂಡ ಟಿಕೆಟ್ಟನ್ನು ಒಂದು ವರ್ಷದ ಪಾಸಾಗಿ ಬದಲಿಸಿಕೊಳ್ಳಲು ಅವಕಾಶವಿದೆ, ಹೊರಡುವ ಮುನ್ನ ಅದನ್ನು ಕೇಳಿ ಮಾಡಿಸಿಕೊಳ್ಳಿ. ರಾಜಮನೆತನದವರು ಬಂದು ತಂಗುವ ಜೂನ್ ಕೊನೆ, ಜುಲೈ ಮೊದಲ ದಿನಗಳಲ್ಲಿ ಅರಮನೆ ಸಾರ್ವಜನಿಕರಿಗೆ ಮುಚ್ಚಿರುತ್ತದೆ. ಚಳಿಗಾಲದಲ್ಲಿ ವಾರದ ಕೆಲವು ದಿನ ರಜೆ. ದಿನಾಂಕ ಖಚಿತಪಡಿಸಿಕೊಂಡೇ ಹೊರಡುವುದು ಒಳ್ಳೆಯದು.